ಓದುವ ಅಕ್ಷರ, ನೋಡುವ ಅಕ್ಷರ

ಒಂದು ಹಳ್ಳಿ ಶಾಲೆಗೆ ನೂರು ವರ್ಷ ತುಂಬಿದಾಗ ಸ್ಮರಣ ಸಂಚಿಕೆ ಮಾಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಪತ್ರಿಕೋದ್ಯಮ ಓದಿದ ಹುಡುಗ ಹುಡುಗಿಯರು, ಇವರೇ ಮಾಡಲಿ ಎಂದು ಊರಿನವರು ಒಪ್ಪಿಸಿದರು. ನಾವೂ ಉತ್ಸಾಹದಿಂದ ಒಪ್ಪಿಕೊಂಡೆವು. ಹಳೆಯ ಮೇಷ್ಟ್ರುಗಳಿಂದ ಲೇಖನ ಬರೆಸಿದೆವು, ಫೋಟೋ ಹುಡುಕಿದೆವು, ಕರಡು ತಿದ್ದಿದೆವು. ಕೊನೆಗೆ ಡಿಟಿಪಿ ಅಂಗಡಿಯಲ್ಲಿ ಕುಳಿತು ಅಕ್ಷರದ ಶೈಲಿ ಆರಿಸುವಾಗ, ಪರದೆಯ ಮೇಲೆ ಎದ್ದು ಕಂಡ ಒಂದು ದಪ್ಪನೆಯ, ಬಳುಕುವ ಫಾಂಟ್ ತೋರಿಸಿ "ಇದೇ ಇರಲಿ" ಎಂದೆವು. ತಲೆಬರಹಕ್ಕಷ್ಟೇ ಅಲ್ಲ, ಪುಸ್ತಕ ಪೂರ್ತಿಗೆ.

ಸಮಾರಂಭ ಚೆನ್ನಾಗಿ ಆಯಿತು. ಎಲ್ಲರೂ ಸಂಚಿಕೆ ತಿರುವಿ ನೋಡಿ ಹೊಗಳಿದರು. ಒಂದು ವಾರ ಬಿಟ್ಟು, ಅದರಲ್ಲಿ ಹತ್ತು ಪುಟ ಬರೆದಿದ್ದ ನಿವೃತ್ತ ಮೇಷ್ಟ್ರ ಮನೆಗೆ ಹೋದೆವು. ಕಾಫಿ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಪುಸ್ತಕ ನೋಡೋಕೆ ಭಾಳ ಚೆಂದ ಐತೆ ಕಣ್ರಪ್ಪ. ಓದೋಕೆ ಮಾತ್ರ ಆಗ್ಲಿಲ್ಲ. ನಾನು ಬರ್ದಿದ್ದನ್ನ ಮೊಮ್ಮಗಳ ಕೈಲಿ ಓದಿಸ್ಕೊಂಡೆ."

ಮೇಷ್ಟ್ರು ದಿನಾ ಪೇಪರ್ ಓದುವವರು. ಕನ್ನಡಕ ಸರಿಯಾಗಿಯೇ ಇತ್ತು. ತಪ್ಪು ನಮ್ಮದು. ನೋಡಲು ಮಾಡಿದ ಅಕ್ಷರವನ್ನು ನಾವು ಓದುವ ಕಡೆ ಹಾಕಿದ್ದೆವು.

ಅಂದಿನಿಂದ ಅಕ್ಷರದ ವಿಷಯ ನಮ್ಮ ತಲೆಯಲ್ಲಿ ಕೂತಿದೆ. ಇದು ಪಟ್ಟಣದ ಡಿಸೈನರುಗಳ ಚರ್ಚೆ, ಹಳ್ಳಿಗೇನು ಸಂಬಂಧ ಎಂದು ನಾವೂ ಅಂದುಕೊಂಡಿದ್ದೆವು. ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಒಳ್ಳೆಯ ಪುಸ್ತಕದ ಅಕ್ಷರ ಇವತ್ತು ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ನಮ್ಮೂರಿನ ಕೆಲಸಕ್ಕೆ ನಾವು ಕೇಳಿ ಹಾಕಿಸಿಕೊಳ್ಳಬೇಕು. ಇವತ್ತು ಹೇಳಬೇಕಾದ್ದು ಇಷ್ಟೇ. ಯಾಕೆ ಎಂಬುದನ್ನು ಒಂದೊಂದಾಗಿ ಹೇಳುತ್ತೇವೆ.

ಅಕ್ಷರಕ್ಕೂ ಕಾಲು

ಇಂಗ್ಲಿಷ್ ಅಕ್ಷರಗಳನ್ನು ಗಮನಿಸಿ ನೋಡಿದ್ದೀರಾ? ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ 'ಐ', 'ಟಿ', 'ಎಚ್' ಅಕ್ಷರಗಳ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಪುಟ್ಟ ಅಡ್ಡಗೆರೆ ಇರುತ್ತದೆ. ಕಂಬಕ್ಕೆ ಕೆಳಗೆ ಪೀಠ ಇಟ್ಟ ಹಾಗೆ. ಅದಕ್ಕೆ ಸೆರಿಫ್ ಎನ್ನುತ್ತಾರೆ. ಅಂಥ ಕಾಲಿಲ್ಲದ, ಸಪಾಟು ಕೊನೆಯ ಅಕ್ಷರಕ್ಕೆ ಸ್ಯಾನ್ಸ್ ಸೆರಿಫ್, ಅಂದರೆ ಸೆರಿಫ್ ಇಲ್ಲದ್ದು ಎಂದು ಹೆಸರು. ನಿಮ್ಮ ಫೋನಿನ ಬಟನ್ನುಗಳಲ್ಲಿ, ಮೆನುವಿನಲ್ಲಿ ಕಾಣುವ ಇಂಗ್ಲಿಷ್ ಬಹುಪಾಲು ಈ ಎರಡನೇ ಜಾತಿಯದು.

ಈ ಕಾಲುಗಳು ಹಳೆಯವು. ರೋಮ್ ನಗರದಲ್ಲಿ ಕ್ರಿ.ಶ. 113ರ ಟ್ರೇಜನ್ ಸ್ತಂಭ ಇದೆ. ಅದರ ಪೀಠದ ಮೇಲೆ ಕೆತ್ತಿದ ಅಕ್ಷರಗಳಲ್ಲಿ ಇವನ್ನು ಇವತ್ತಿಗೂ ನೋಡಬಹುದು. ಕಲ್ಲುಕುಟಿಗ ಉಳಿ ಹಿಡಿಯುವ ಮೊದಲು ಕಲ್ಲಿನ ಮೇಲೆ ಚಪ್ಪಟೆ ಕುಂಚದಲ್ಲಿ ಬರೆದುಕೊಳ್ಳುತ್ತಿದ್ದ, ಕುಂಚ ಎತ್ತುವಾಗ ಮೂಡಿದ ಗುರುತೇ ಸೆರಿಫ್ ಆಯಿತು ಎಂದು ಎಡ್ವರ್ಡ್ ಕ್ಯಾಟಿಚ್ ಎಂಬ ಅಮೆರಿಕದ ಪಾದ್ರಿ ವಾದಿಸಿದರು. ಅವರು ಸ್ವತಃ ಬೋರ್ಡು ಬರೆಯುವ ಕೆಲಸ ಮಾಡಿ ಗೊತ್ತಿದ್ದವರು. ಮುಂದೆ 1470ರಲ್ಲಿ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಎಂಬಾತ ಅಚ್ಚಿನ ಮೊಳೆಗಳಲ್ಲಿ ಇದೇ ರೂಪವನ್ನು ಚೆನ್ನಾಗಿ ತಂದ. ಪುಸ್ತಕದ ಅಕ್ಷರ ಎಂದರೆ ಹೀಗಿರಬೇಕು ಎಂಬ ರೂಢಿ ಯುರೋಪಿನಲ್ಲಿ ಅಲ್ಲಿಂದ ಬೆಳೆಯಿತು.

ಕನ್ನಡಕ್ಕೆ ಇಂಥ ಕಾಲಿಲ್ಲ. ನಮ್ಮ ಅಕ್ಷರ ಗುಂಡಗಿನವು. ಆದರೆ ನಮಗೆ ತಲೆಕಟ್ಟು ಇದೆ. ಒಂದನೇ ಕ್ಲಾಸಿನಲ್ಲಿ ಮೊದಲು ಕಲಿತದ್ದೇ ಅದು. ಗುಣಿತ ಬಂದಾಗ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ, ಏತ್ವ ಬರುತ್ತದೆ. ಜೊತೆಗೆ ಇನ್ನೊಂದು ಗುಣ ಇದೆ: ಹಳೆಯ ಅಚ್ಚಿನ ಪುಸ್ತಕ ತೆಗೆದು ನೋಡಿ, ಒಂದೇ ಅಕ್ಷರದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರುತ್ತದೆ. ಚಪ್ಪಟೆ ನಿಬ್ಬಿನ ಪೆನ್ನು ತಿರುಗಿದಾಗ ಆಗುವ ಹಾಗೆ. ಇಂಗ್ಲಿಷಿನ ಸೆರಿಫ್ ಅಕ್ಷರಗಳಲ್ಲೂ ಈ ದಪ್ಪ-ತೆಳು ಇರುತ್ತದೆ. ಹಾಗಾಗಿ ಕನ್ನಡದಲ್ಲಿ 'ಸೆರಿಫ್ ಫಾಂಟ್' ಎಂದು ಯಾರಾದರೂ ಹೇಳಿದರೆ ಈ ದಪ್ಪ-ತೆಳುವಿನ ಪುಸ್ತಕದ ಅಕ್ಷರ ಎಂದು ತಿಳಿದುಕೊಳ್ಳಿ.

ಓದುಗನಿಗಾಗಿ ಮಾಡಿದ ಅಕ್ಷರಗಳು

ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ ಕತೆ ಇಲ್ಲಿ ಹೇಳಬೇಕು. ನಿಮ್ಮ ಪತ್ರಿಕೆಯ ಅಚ್ಚು ಚೆನ್ನಾಗಿಲ್ಲ, ಹಳೆಯ ಕಾಲದಲ್ಲೇ ಉಳಿದಿದೆ ಎಂದು ಸ್ಟ್ಯಾನ್ಲಿ ಮಾರಿಸನ್ ಎಂಬ ಅಚ್ಚಿನ ತಜ್ಞ ನೇರವಾಗಿ ಟೀಕಿಸಿದ. ಪತ್ರಿಕೆಯವರು ಸಿಟ್ಟಾಗಲಿಲ್ಲ. ಅವನನ್ನೇ ಕರೆದು ಹೊಸ ಅಕ್ಷರ ಮಾಡಿಸಿಕೊಂಡರು. ಪತ್ರಿಕೆಯ ಜಾಹೀರಾತು ವಿಭಾಗದಲ್ಲಿದ್ದ ವಿಕ್ಟರ್ ಲಾರ್ಡೆಂಟ್ ಎಂಬ ಕಲಾವಿದ ಚಿತ್ರ ಬರೆದ. 1932ರ ಅಕ್ಟೋಬರ್ 3ರಂದು ಪತ್ರಿಕೆ ಹೊಸ ಅಕ್ಷರದಲ್ಲಿ ಬಂತು. ಅದೇ ಟೈಮ್ಸ್ ನ್ಯೂ ರೋಮನ್. ಟೈಪಿಂಗ್ ಅಂಗಡಿಗೆ ಹೋಗಿ ಇಂಗ್ಲಿಷ್ ಅರ್ಜಿ ಮಾಡಿಸಿದ್ದರೆ ಈ ಅಕ್ಷರ ನಿಮ್ಮ ಕೈಗೂ ಬಂದಿರುತ್ತದೆ.

ಅದನ್ನು ಶೋಕಿಗಾಗಿ ಮಾಡಲಿಲ್ಲ. ಪೇಪರಿನ ಕಾಲಮ್ಮು ಕಿರಿದು, ಅಕ್ಷರ ಸಣ್ಣದು, ಅಚ್ಚಾಗುವುದು ವೇಗವಾಗಿ. ಕಡಿಮೆ ಜಾಗದಲ್ಲಿ ಹೆಚ್ಚು ಮಾತು ಹಿಡಿಸಬೇಕು, ಆದರೂ ಕಣ್ಣಿಗೆ ನೋವಾಗಬಾರದು. ಅಕ್ಷರದ ಅಗಲ, ಗೆರೆಯ ದಪ್ಪ ಎಲ್ಲವೂ ಆ ಲೆಕ್ಕದಲ್ಲೇ ಬಂದವು. ಅದು ನೋಡಲು ಚೆಂದ ಇದ್ದರೆ, ಕೆಲಸಕ್ಕೆ ಒದಗುವುದರಿಂದಲೇ ಚೆಂದ. ಹದವಾದ ನೇಗಿಲು ಚೆಂದ ಕಾಣುವ ಹಾಗೆ.

ಕಂಪ್ಯೂಟರ್ ಬಂದಾಗ ಇನ್ನೊಂದು ತೊಂದರೆ. ಆಗಿನ ಪರದೆಗಳಲ್ಲಿ ಚುಕ್ಕಿಗಳು ದೊಡ್ಡವು. ಕಾಗದದ ಮೇಲೆ ಚೆನ್ನಾಗಿದ್ದ ತೆಳು ಗೆರೆ ಪರದೆಯ ಮೇಲೆ ಒಡೆದು ಹೋಗುತ್ತಿತ್ತು. ಆಗ ಮೈಕ್ರೋಸಾಫ್ಟ್ ಕಂಪನಿ ಮ್ಯಾಥ್ಯೂ ಕಾರ್ಟರ್ ಎಂಬುವರಿಂದ ಪರದೆಗೆಂದೇ ಒಂದು ಸೆರಿಫ್ ಅಕ್ಷರ ಮಾಡಿಸಿತು. 1996ರಲ್ಲಿ ಬಂದ ಅದರ ಹೆಸರು ಜಾರ್ಜಿಯಾ. ಕಾರ್ಟರ್ ಮೊದಲು ಪರದೆಯ ಚುಕ್ಕಿಗಳಲ್ಲಿ ಅಕ್ಷರ ಹೇಗೆ ಕೂರುತ್ತದೆ ಎಂದು ನೋಡಿ, ಆಮೇಲೆ ಅದರ ಸುತ್ತ ನಯವಾದ ಗೆರೆ ಎಳೆದರು. ತಲೆಕೆಳಗಾದ ಕೆಲಸ, ಆದರೆ ಓದುವವನು ಎಲ್ಲಿ ಓದುತ್ತಾನೋ ಅಲ್ಲಿಂದಲೇ ಶುರು ಮಾಡಿದ ಕೆಲಸ.

ಈ ಎರಡು ಕತೆಯಿಂದ ನಾವು ಕಲಿತದ್ದು ಒಂದು. ಒಳ್ಳೆಯ ಓದುವ ಅಕ್ಷರ ಮಾಡುವಾಗ ಓದುವವನು ಯಾರು, ಎಲ್ಲಿ ಕೂತು, ಯಾವುದರ ಮೇಲೆ ಓದುತ್ತಾನೆ ಎಂದು ಯಾರೋ ಒಬ್ಬರು ಯೋಚಿಸಿರುತ್ತಾರೆ. ನಮ್ಮ ಸ್ಮರಣ ಸಂಚಿಕೆಯಲ್ಲಿ ನಾವು ಮಾಡದೆ ಬಿಟ್ಟದ್ದು ಅದೇ.

ಕನ್ನಡಕ್ಕೆ ಬಂದ ಒಂದು ಅಕ್ಷರ

ಕನ್ನಡದಲ್ಲಿ ಹೀಗೆ ಯೋಚಿಸಿ ಮಾಡಿದ್ದು ಇಲ್ಲವೇ? ಇದೆ. ನಮಗೆ ಬಹಳ ಹಿಡಿಸಿದ್ದು ಟಿರೋ ಕನ್ನಡ ಎಂಬ ಫಾಂಟ್.

ಇದರ ಹುಟ್ಟು ಪುಸ್ತಕದ ಅಂಗಳದಲ್ಲೇ ಆಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೆಸ್ ಭಾರತದ ಹಳೆಯ ಸಾಹಿತ್ಯವನ್ನು ಮೂಲ ಲಿಪಿ ಮತ್ತು ಇಂಗ್ಲಿಷ್ ಅನುವಾದ ಎರಡರಲ್ಲೂ ತರುವ ಒಂದು ಮಾಲೆ ಶುರು ಮಾಡಿತು. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಎಂದು ಅದರ ಹೆಸರು. ಇನ್ಫೋಸಿಸ್ ನಾರಾಯಣಮೂರ್ತಿ ಮತ್ತು ಸುಧಾ ಮೂರ್ತಿಯವರ ಮಗ ರೋಹನ್ ಮೂರ್ತಿ 2010ರಲ್ಲಿ ಅದಕ್ಕೆ ದತ್ತಿ ಕೊಟ್ಟರು. ಮೊದಲ ಪುಸ್ತಕಗಳು 2015ರಲ್ಲಿ ಬಂದವು. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್. ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದೊಂದಿಗೆ 2017ರಲ್ಲಿ ಈ ಮಾಲೆಯಲ್ಲಿ ಹೊರಬಂತು.

ಇಂಥ ಪುಸ್ತಕಕ್ಕೆ ಎರಡು ಲಿಪಿ ಎದುರು ಬದುರು ಕೂರಬೇಕು. ಒಂದು ಕಪ್ಪಗೆ ಎದ್ದು ಕಂಡು, ಇನ್ನೊಂದು ಬಿಳಿಚಿಕೊಂಡರೆ ಪುಟ ಸೊಟ್ಟ ಕಾಣುತ್ತದೆ. ಅದಕ್ಕಾಗಿ ಭಾರತದ ಲಿಪಿಗಳಿಗೆ ಹೊಸದಾಗಿ ಅಕ್ಷರ ಮಾಡಿಸಿದರು. ಕನ್ನಡದ ಅಕ್ಷರ ಮಾಡಿದವರು ಜಾನ್ ಹಡ್ಸನ್ ಮತ್ತು ಫಿಯೋನಾ ರಾಸ್. ಹಡ್ಸನ್ ಕೆನಡಾದ ಟಿರೋ ಟೈಪ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆಯವರು. ಫಿಯೋನಾ ರಾಸ್ ಇಂಗ್ಲೆಂಡಿನವರು. ಲೈನೋಟೈಪ್ ಕಂಪನಿಯಲ್ಲಿ ಭಾರತದ ಮತ್ತು ಅರಬ್ ಲಿಪಿಗಳ ವಿಭಾಗ ನೋಡಿಕೊಂಡವರು, ಬಂಗಾಳಿ ಅಚ್ಚಿನ ಇತಿಹಾಸದ ಮೇಲೆ ಸಂಶೋಧನೆ ಮಾಡಿದವರು, ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು.

ಪುಸ್ತಕ ಮಾಲೆಗೆಂದು ಮಾಡಿದ ಆ ಅಕ್ಷರಗಳು ಆಮೇಲೆ ಗೂಗಲ್ ಫಾಂಟ್ಸ್ ತಾಣದಲ್ಲಿ ಎಲ್ಲರಿಗೂ ಸಿಗುವಂತಾದವು. ಅದರ ಲೈಸೆನ್ಸು ಮುಕ್ತ. ನೀವು ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಆ ಅಕ್ಷರದಲ್ಲಿ ಪುಸ್ತಕ ಮಾಡಿ ಮಾರಲೂಬಹುದು. ಯಾರನ್ನೂ ಕೇಳಬೇಕಿಲ್ಲ, ಒಂದು ರೂಪಾಯಿ ಕೊಡಬೇಕಿಲ್ಲ. ಹಾರ್ವರ್ಡ್ ಪುಸ್ತಕದ ಅಕ್ಷರವೂ ನಮ್ಮೂರ ಹಾಲಿನ ಡೈರಿಯ ವರದಿಯ ಅಕ್ಷರವೂ ಒಂದೇ ಆಗಬಹುದು.

ಅದರಲ್ಲಿ ಏನಿದೆ?

ನಾವು ಒಂದೇ ಲೇಖನವನ್ನು ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟೆವು. ಒಂದು ನಮ್ಮ ಸಂಚಿಕೆಯ ದಪ್ಪ ಫಾಂಟು, ಇನ್ನೊಂದು ಟಿರೋ ಕನ್ನಡ. ನಮ್ಮ ಕಣ್ಣಿಗೆ ಕಂಡದ್ದು ಹೇಳುತ್ತೇವೆ.

ಮೊದಲನೆಯದು, ಗೆರೆಯ ಏರಿಳಿತ. ಒಂದೇ ಸಮ ದಪ್ಪದ ಅಕ್ಷರಗಳ ಸಾಲು ಕಲ್ಲಿನ ಗೋಡೆಯ ಹಾಗೆ ಕಾಣುತ್ತದೆ. ದಪ್ಪ-ತೆಳು ಇದ್ದಾಗ ಒಂದೊಂದು ಅಕ್ಷರವೂ ತನ್ನ ಗುರುತು ತೋರಿಸುತ್ತದೆ.

ಎರಡನೆಯದು, ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ. ಕನ್ನಡದಲ್ಲಿ ಸುರುಳಿಗಳು ಹೆಚ್ಚು. 'ಣ', 'ಜ', 'ಅ' ನೋಡಿ. ಗೆರೆ ದಪ್ಪವಾದಷ್ಟೂ ಈ ಸುರುಳಿಯೊಳಗಿನ ಜಾಗ ಮುಚ್ಚಿಕೊಳ್ಳುತ್ತದೆ. ಸಣ್ಣ ಅಳತೆಯಲ್ಲಿ ಅಚ್ಚಾದರೆ ಅಕ್ಷರದ ಬದಲು ಕಪ್ಪು ಮುದ್ದೆ ಉಳಿಯುತ್ತದೆ.

ಮೂರನೆಯದು, ಒತ್ತಕ್ಷರ. 'ರಾಷ್ಟ್ರ', 'ಲಕ್ಷ್ಮಿ', 'ಸ್ವಾತಂತ್ರ್ಯ' ಇಂಥ ಪದಗಳಲ್ಲಿ ಕನ್ನಡ ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿನ ಅಳತೆಗೆ ಮಾಡಿದ ಸಾಲಿನಲ್ಲಿ ಕನ್ನಡ ಹಿಡಿಸಲು ಹೋದರೆ ಒತ್ತಕ್ಷರಗಳನ್ನು ಕುಗ್ಗಿಸಬೇಕಾಗುತ್ತದೆ. ಫೋನಿನ ಮೆನು, ಬಟನ್ನುಗಳಿಗೆ ಮಾಡುವ ಫಾಂಟುಗಳಲ್ಲಿ ಹೀಗೆ ಎತ್ತರ ಕಡಿಮೆ ಮಾಡುವುದುಂಟು. ಬಟನ್ನಿಗೆ ಅದು ಸರಿ. ಹತ್ತು ಪುಟದ ಲೇಖನಕ್ಕೆ ಸರಿಯಲ್ಲ. ಪುಸ್ತಕದ ಅಕ್ಷರದಲ್ಲಿ ಒತ್ತಿಗೆ ಅದರ ಜಾಗ ಸಿಗುತ್ತದೆ.

ದನ ಯಾವುದು, ಧನ ಯಾವುದು?

ಇದು ಬರೀ ಅಂದದ ಮಾತಲ್ಲ. ಈ ಎರಡು ಪದ ನೋಡಿ: ದನ, ಧನ. ಒಂದು ಕೊಟ್ಟಿಗೆಯಲ್ಲಿರುತ್ತದೆ, ಇನ್ನೊಂದು ಪೆಟ್ಟಿಗೆಯಲ್ಲಿ. ಎರಡಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿ ಒಂದು ಸಣ್ಣ ಸೀಳು, ಅಷ್ಟೇ. ಡ-ಢ, ಪ-ಫ, ಬ-ಭ ಎಲ್ಲದರ ಕತೆಯೂ ಇದೇ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ.

ನಮ್ಮ ಕಡೆಯ ದಿನನಿತ್ಯದ ಮಾತಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಎಂದು ಬೇರೆ ಮಾಡುವವರು ಕಡಿಮೆ. ಬಾಯಲ್ಲಿ ಭೀಮಪ್ಪನೂ ಬೀಮಪ್ಪನೇ. ಕಿವಿಗೆ ಸಿಗದ ವ್ಯತ್ಯಾಸ ಕಣ್ಣಿಗೆ ಮಾತ್ರ ಸಿಗಬೇಕು. ಆ ಸೀಳು ಅಚ್ಚಿನಲ್ಲಿ ಮುಚ್ಚಿ ಹೋದರೆ ಅದೂ ಇಲ್ಲ.

ಆಮೇಲೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮಂಕಾದ ಜೆರಾಕ್ಸ್ ನೋಡಿಕೊಂಡು ಟೈಪ್ ಮಾಡಿದವರು ಸೀಳು ಕಾಣದೆ ಬಿಟ್ಟರೆ, ಅದನ್ನು ಸರಿಪಡಿಸಲು ಒಬ್ಬ ರೈತ ಅಫಿಡವಿಟ್ ಮಾಡಿಸಿ ಎಷ್ಟು ದಿನ ಅಲೆಯಬೇಕು? ಹೆಸರಿನ ತಪ್ಪೆಲ್ಲ ಫಾಂಟಿನಿಂದ ಆಗುತ್ತದೆ ಎಂದು ನಾವು ಹೇಳುತ್ತಿಲ್ಲ. ಬಹುಪಾಲು ತಪ್ಪು ಟೈಪ್ ಮಾಡುವ ಅವಸರದ್ದು. ಆದರೆ ಸೀಳು ಸ್ಪಷ್ಟವಾಗಿ ಕಾಣುವ ಅಕ್ಷರ ಇದ್ದರೆ ತಪ್ಪು ಮನೆ ಸೇರುವ ಮೊದಲೇ ಹೆಸರಿನವನ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಇದರಲ್ಲಿ ಇನ್ನೊಂದು ಮಾತಿದೆ. ಹಾಲಿನ ಡೈರಿಯ ವಾರ್ಷಿಕ ವರದಿ, ಸಹಕಾರ ಸಂಘದ ಅಢಾವೆ ಪತ್ರಿಕೆ, ಗ್ರಾಮಸಭೆಯ ನಡಾವಳಿ ಇವೆಲ್ಲ ಓದಲೆಂದೇ ಕೊಡುವ ಕಾಗದಗಳು. ಅವು ಇಕ್ಕಟ್ಟಾದ ಮಂಕು ಅಕ್ಷರದಲ್ಲಿ ಬಂದರೆ ಸದಸ್ಯರು ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಾರೆ. ಸಭೆಯಲ್ಲಿ ಪ್ರಶ್ನೆ ಏಳುವುದಿಲ್ಲ. ಯಾರೂ ಬೇಕೆಂದೇ ಹೀಗೆ ಮಾಡುತ್ತಾರೆ ಎಂದಲ್ಲ. ಆದರೆ ಓದಲಾಗದ ಲೆಕ್ಕಪತ್ರ ಕೊಟ್ಟರೂ ಕೊಡದಿದ್ದರೂ ಸದಸ್ಯನಿಗೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ಎಲ್ಲಿ ಬೇಡ

ಒಂದು ಅಕ್ಷರ ಇಷ್ಟವಾಯಿತು ಎಂದು ಎಲ್ಲ ಕಡೆ ಹಾಕಿದರೆ ನಾವು ಮೊದಲು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ. ಟಿರೋ ಕನ್ನಡ ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು.

ಬಸ್ಸಿನ ಬೋರ್ಡಿಗೆ, ಜಾತ್ರೆಯ ಫ್ಲೆಕ್ಸಿಗೆ, ದೂರದಿಂದ ಓದಬೇಕಾದ ಯಾವುದಕ್ಕೂ ಬೇಡ. ತೆಳು ಗೆರೆಗಳು ದೂರಕ್ಕೆ ಮಾಯವಾಗುತ್ತವೆ. ಅಲ್ಲಿಗೆ ಒಂದೇ ಸಮ ದಪ್ಪದ ಅಕ್ಷರವೇ ಸರಿ. ಬಾಲೂ ತಮ್ಮ ಎಂಬ ದುಂಡನೆಯ ಫಾಂಟ್ ಇದೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು ಮಾಡಿದ್ದು, ಅದೂ ಉಚಿತ. ತಲೆಬರಹಕ್ಕೆ, ಬ್ಯಾನರಿಗೆ ಅದು ಚೆನ್ನಾಗಿ ಹೊಂದುತ್ತದೆ.

ಟಿರೋ ಕನ್ನಡದಲ್ಲಿ ಬೋಲ್ಡ್, ಅಂದರೆ ದಪ್ಪ ರೂಪ ಇಲ್ಲ. ಕಂಪ್ಯೂಟರಿನಲ್ಲಿ 'ಬಿ' ಬಟನ್ ಒತ್ತಿದರೆ ತಂತ್ರಾಂಶ ತಾನೇ ಅಕ್ಷರವನ್ನು ಉಬ್ಬಿಸಿ ಸುಳ್ಳು ದಪ್ಪ ಮಾಡಬಹುದು. ಆಗ ಸೀಳು ಮುಚ್ಚುತ್ತದೆ, ಸುರುಳಿ ತುಂಬುತ್ತದೆ. ಹಾಗಾಗಿ ತಲೆಬರಹಕ್ಕೆ ಬೇರೆ ಫಾಂಟ್ ಬಳಸಿ. ಇಲ್ಲವೇ ನೋಟೋ ಸೆರಿಫ್ ಕನ್ನಡ ನೋಡಿ. ಅದೂ ದಪ್ಪ-ತೆಳುವಿನ ಅಕ್ಷರವೇ, ಗೂಗಲ್ ಮಾಡಿಸಿದ್ದು, ಉಚಿತ. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಹಲವು ತೂಕಗಳಲ್ಲಿ ಸಿಗುತ್ತದೆ.

ಜೆರಾಕ್ಸ್ ಮೇಲೆ ಜೆರಾಕ್ಸ್ ತೆಗೆಯುವ ಅರ್ಜಿ ನಮೂನೆಗೂ ತೆಳು ಗೆರೆಯ ಅಕ್ಷರ ಬೇಡ. ಮೂರನೇ ಪ್ರತಿಯ ಹೊತ್ತಿಗೆ ಗೆರೆ ಹರಿದು ಹೋಗುತ್ತದೆ.

ಕೇಳಿಬರುವ ಮಾತುಗಳು

ಈ ವಿಷಯ ಎತ್ತಿದಾಗ ಗೆಳೆಯರು ಕೆಲವು ಆಕ್ಷೇಪ ಹೇಳಿದರು. ಅವುಗಳಲ್ಲಿ ಹುರುಳಿದೆ.

"ವಿಷಯ ಮುಖ್ಯ, ಅಕ್ಷರ ಅಲ್ಲ." ನಿಜ. ಆದರೆ ವಿಷಯ ತಲುಪುವುದೇ ಅಕ್ಷರದ ಮೂಲಕ. ಮೇಷ್ಟ್ರ ಹತ್ತು ಪುಟದಲ್ಲಿ ಒಳ್ಳೆಯ ವಿಷಯವೇ ಇತ್ತು.

"ಸೆರಿಫ್ ಇದ್ದರೇ ಓದಲು ಸುಲಭ ಎಂದು ಸಾಬೀತಾಗಿದೆಯೇ?" ಇಂಗ್ಲಿಷಿನಲ್ಲಿ ಈ ಬಗ್ಗೆ ಬಹಳ ಪರೀಕ್ಷೆ ನಡೆದಿವೆ, ಒಂದೇ ಉತ್ತರ ಬಂದಿಲ್ಲ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಕಾಗದದ ಗುಣ ಇವೂ ಅಷ್ಟೇ ಮುಖ್ಯ. ಒಳ್ಳೆಯ ಫಾಂಟನ್ನು ಎಂಟು ಪಾಯಿಂಟಿನಲ್ಲಿ ಒತ್ತೊತ್ತಾಗಿ ಹಾಕಿದರೆ ಅದೂ ಕೆಟ್ಟದ್ದೇ. ನಾವು ಹೇಳುತ್ತಿರುವುದು ಕಾಲಿನ ಬಗ್ಗೆ ಅಲ್ಲ. ಉದ್ದದ ಓದಿಗೆಂದು ಯೋಚಿಸಿ ಮಾಡಿದ ಅಕ್ಷರ ಬಳಸಿ ಎನ್ನುತ್ತಿದ್ದೇವೆ.

"ಕನ್ನಡದ ಅಕ್ಷರವನ್ನು ಕೆನಡಾ, ಇಂಗ್ಲೆಂಡಿನವರು ಮಾಡಬೇಕೇ?" ಈ ಪ್ರಶ್ನೆ ನಮ್ಮನ್ನೂ ಚುಚ್ಚಿತು. ಆದರೆ ಕನ್ನಡದ ಅಚ್ಚಿನ ಚರಿತ್ರೆಯಲ್ಲಿ ಹೊರಗಿನ ಕೈಗಳು ಮೊದಲಿನಿಂದಲೂ ಇವೆ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. 1843ರ ಮಂಗಳೂರ ಸಮಾಚಾರ ಪತ್ರಿಕೆ ಕಲ್ಲಚ್ಚಿನಲ್ಲಿ ಬಂತು, ತಂದವನು ಜರ್ಮನಿಯ ಹರ್ಮನ್ ಮೋಗ್ಲಿಂಗ್. 1894ರಲ್ಲಿ ಕಿಟೆಲ್ ಅವರ ದೊಡ್ಡ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಒಂದೊಂದು ಮೊಳೆಯನ್ನೂ ಕೈಯಲ್ಲಿ ಹೆಕ್ಕಿ ಜೋಡಿಸಿದವರ ಹೆಸರು ಮುಖಪುಟದಲ್ಲಿ ಇರುತ್ತಿರಲಿಲ್ಲ. ಅಕ್ಷರ ಮಾಡುವುದು ಯಾವತ್ತೂ ಒಬ್ಬರ ಕೆಲಸ ಆಗಿರಲಿಲ್ಲ.

ಆದರೂ ಕೊರಗು ಇದೆ. ವೈಷ್ಣವಿ ಮೂರ್ತಿ ಅವರು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೋ ಜೊತೆ ಸೇರಿ ಮಾಡಿದ ಅಕಾಯ ಕನಡಕದಂಥ ಅಕ್ಷರಗಳು ಬಂದಿವೆ. ಅಂಥವರು ಇನ್ನೂ ಹತ್ತು ಜನ ಬೇಕು. ಕನ್ನಡದ ಹೆಸರಿನಲ್ಲಿ ಹಣ ಖರ್ಚು ಮಾಡುವ ಸಂಸ್ಥೆಗಳು ನಮ್ಮಲ್ಲಿ ಇವೆ. ಉತ್ಸವದ ಒಂದು ದಿನದ ಖರ್ಚಿನಲ್ಲಿ ಒಂದು ಪಾಲು ಎತ್ತಿಟ್ಟು, ದಪ್ಪ, ತೆಳು, ಓರೆ ಎಲ್ಲ ರೂಪವೂ ಇರುವ ಪುಸ್ತಕದ ಅಕ್ಷರವೊಂದನ್ನು ಇಲ್ಲಿಯವರ ಕೈಯಲ್ಲಿ ಮಾಡಿಸಿ, ಎಲ್ಲರಿಗೂ ಬಿಟ್ಟುಕೊಡಲಿ. ಶಾಲೆಯ ಪಠ್ಯಪುಸ್ತಕಕ್ಕೂ ಅದು ಆಗುತ್ತದೆ.

ನಾವು ನೀವು ಮಾಡಬಹುದಾದ್ದು

ಮುಂದಿನ ಸಲ ಊರಿನ ಪುಸ್ತಕ, ದೇವಸ್ಥಾನದ ಚರಿತ್ರೆ, ಸಂಘದ ವರದಿ, ಮನೆಯ ಲಗ್ನಪತ್ರಿಕೆ ಮಾಡಿಸುವಾಗ ಡಿಟಿಪಿ ಅಂಗಡಿಯವರಿಗೆ ಹೀಗೆ ಹೇಳಿ: "ಹೆಸರು, ತಲೆಬರಹ ಯಾವುದರಲ್ಲಾದರೂ ಹಾಕಿ. ಒಳಗಿನ ಬರಹ ಮಾತ್ರ ಟಿರೋ ಕನ್ನಡ ಇಲ್ಲವೇ ನೋಟೋ ಸೆರಿಫ್ ಕನ್ನಡದಲ್ಲಿ ಇರಲಿ." ಗೂಗಲ್ ಫಾಂಟ್ಸ್ ತಾಣದಿಂದ ಇಳಿಸಿಕೊಳ್ಳಲು ಅವರಿಗೆ ಐದು ನಿಮಿಷ ಸಾಕು.

ಬರಹ ಯುನಿಕೋಡ್‌ನಲ್ಲಿ ಟೈಪ್ ಆಗಿರಬೇಕು. ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಬರಹಕ್ಕೆ ಈ ಫಾಂಟುಗಳು ಕೂರುವುದಿಲ್ಲ. ಅಂಥ ಬರಹವನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಕೆಲವು ಡಿಸೈನ್ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಬೇಕು. ಇಲ್ಲದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಲ್ಲುತ್ತದೆ. "ಯುನಿಕೋಡ್ ಸರಿ ಬರಲ್ಲ" ಎಂದು ಅಂಗಡಿಯವರು ಹೇಳಿದರೆ ಕಾರಣ ಇದೇ ಇರಬಹುದು, ಒಮ್ಮೆ ನೋಡಲು ಹೇಳಿ. ಯುನಿಕೋಡ್‌ನಲ್ಲಿ ಇದ್ದ ಬರಹವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಓದುವವರು ತಮ್ಮ ಕಣ್ಣಿಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಗಾಳಿ ಆಡಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಪುಟ ಎರಡು ಹೆಚ್ಚಾಗುತ್ತದೆ, ಕಾಗದದ ಖರ್ಚು ಸ್ವಲ್ಪ ಏರುತ್ತದೆ. ಅತಿಥಿಗಳ ಫೋಟೋ ಎರಡು ಕಡಿಮೆ ಮಾಡಿದರೆ ಅದು ಸರಿಹೋಗುತ್ತದೆ.

ಅಚ್ಚಿಗೆ ಕಳಿಸುವ ಮೊದಲು ಒಂದು ಪುಟ ಪ್ರಿಂಟ್ ತೆಗೆದು ಊರಿನ ಅರವತ್ತು ದಾಟಿದ ಒಬ್ಬರಿಗೆ ಕೊಡಿ. ಸಂಜೆಯ ಬೆಳಕಿನಲ್ಲಿ ಜಗಲಿ ಮೇಲೆ ಕೂತು ಓದಲಿ. ಅವರು ಕಾಗದವನ್ನು ದೂರ ಹಿಡಿದು, ಹತ್ತಿರ ತಂದು, ಕೊನೆಗೆ ನಿಮ್ಮ ಕೈಗೇ ವಾಪಸ್ ಕೊಟ್ಟರೆ ಫಾಂಟ್ ಬದಲಿಸಿ.

ನಾವು ಮಾಡಿದ್ದೂ ಅದನ್ನೇ. ಮೇಷ್ಟ್ರ ಲೇಖನವನ್ನು ಟಿರೋ ಕನ್ನಡದಲ್ಲಿ, ಹದಿನಾಲ್ಕು ಪಾಯಿಂಟಿನಲ್ಲಿ ಮತ್ತೆ ಹಾಕಿ, ಪಿನ್ ಹೊಡೆದು ಕೊಂಡುಹೋಗಿ ಕೊಟ್ಟೆವು. ಏನೂ ಹೇಳದೆ ಇಸ್ಕೊಂಡರು. ಎರಡು ದಿನ ಬಿಟ್ಟು ಹೋದಾಗ ಹಾಳೆಗಳು ಮೇಜಿನ ಮೇಲಿದ್ದವು. ಅಲ್ಲಲ್ಲಿ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. ನಾವು ಮೂರು ಸಲ ಕರಡು ತಿದ್ದಿಯೂ ಕಾಣದೆ ಬಿಟ್ಟ ಏಳು ತಪ್ಪುಗಳು. ಅದರಲ್ಲಿ ಒಂದು, 'ಧನಸಹಾಯ' ಇರಬೇಕಾದ ಕಡೆ 'ದನಸಹಾಯ'.

"ಈಗ ಓದೋಕೆ ಬಂತು ನೋಡ್ರಪ್ಪ," ಎಂದು ನಕ್ಕರು. "ಅದಕ್ಕೇ ತಪ್ಪೂ ಸಿಕ್ತು."